ಭಂಡಾರದ ಗೆರೆ

ಬಸ್ಸು ಕೊಟ್ಟೂರು ದಾಟಿದಾಗಿನಿಂದ ಕೋಮಲಾಳ ತಲೆಯನ್ನು ಒಂದೇ ಮಾತು ಕೊರೆಯುತ್ತಿತ್ತು: ತನ್ನ ಮಂಚ ಈಗ ಎಲ್ಲಿದೆ? ಮಹಡಿಯ ಕೋಣೆಯಲ್ಲೇ ಇದ್ದರೂ ಇರಬಹುದು. ಆದರೆ ಅಣ್ಣ ಗುರುಬಸವರಾಜ ಆಡಿದ್ದನ್ನು ಮಾಡಿಯೇ ತೀರುವ ಮನುಷ್ಯ. ಇಷ್ಟು ಹೊತ್ತಿಗೆ ಅಂಗಡಿಯ ಆಳುಗಳು ಬಂದು ಅದನ್ನು ಮೆಟ್ಟಿಲಿಳಿಸಿ, ಶೇಂಗಾ ಚೀಲಗಳ ಕೋಣೆಗೆ ಸೇರಿಸಿ, ಅವಳ ಪುಸ್ತಕ ಬಟ್ಟೆಗಳನ್ನು ಅದರ ಮೇಲೆ ಗುಡ್ಡೆ ಹಾಕಿರಲೂಬಹುದು. ಬೆಳಿಗ್ಗೆ ಚಹಾ ಕುಡಿಯುತ್ತ, ಸಂತೆಯಿಂದ ತರಬೇಕಾದ ಯಾವುದೋ ಸಾಮಾನು ನೆನಪಾದವನಂತೆ ಅವನು ಹೇಳಿದ್ದ: "ಹುಡುಗನ ಮದಿವಿ ಹತ್ರ ಬಂತಲ್ಲ, ಮ್ಯಾಲಿನ ಕೋಣಿ ಒಡದು ದೊಡ್ಡದು ಮಾಡಸ್ತೀನಿ. ಎಂಜಿನಿಯರ್ ನೋಡಿಕೊಂಡು ಹೋಗ್ಯಾನ." ಎಂಜಿನಿಯರ್ ಬಂದದ್ದು ಅವಳಿಗೆ ಗೊತ್ತೇ ಇರಲಿಲ್ಲ. ಅವಳು ಕೇಳಬೇಕಾಗಿದ್ದ ಪ್ರಶ್ನೆ ಒಂದೇ, ಹಾಗಾದರೆ ನಾನು ಎಲ್ಲಿ ಮಲಗಲಿ? ಬಾಯಿ ತೆರೆದಾಗ ಹೊರಬಿದ್ದ ಮಾತು ಬೇರೆ. "ಕಿಟಕಿ ಪೂರ್ವಕ್ಕ ಇಡಸಣ್ಣ, ಮುಂಜಾನಿ ಬಿಸಿಲು ಛಲೋ ಬರ್ತತಿ" ಅಂದುಬಿಟ್ಟಳು. ಅಣ್ಣ ನಕ್ಕ. "ಅದನ್ನೆಲ್ಲ ಪೇಪರಿಗೆ ಬರಿಯವ್ವ ನೀನು." ಅತ್ತಿಗೆಯೂ ನಕ್ಕಳು. ಕೆಟ್ಟ ನಗೆಯೇನಲ್ಲ, ಸಣ್ಣ ಮಗು ದೊಡ್ಡ ಮಾತಾಡಿದಾಗ ದೊಡ್ಡವರು ನಗುತ್ತಾರಲ್ಲ, ಅಂಥದ್ದು. ಕೋಮಲಾ ಕೂಡ ನಕ್ಕು, ಲೋಟ ತೊಳೆದಿಟ್ಟು, ಚೀಲ ಹೆಗಲಿಗೇರಿಸಿ ಬಸ್‌ಸ್ಟ್ಯಾಂಡಿಗೆ ನಡೆದಿದ್ದಳು.

ಹಡಗಲಿಯ ಗಂಡನ ಮನೆ ಬಿಟ್ಟು ಬಂದ ಮೇಲೆ ಆ ಮಹಡಿಯ ಕೋಣೆಯಲ್ಲಿ, ನೀರಿನ ಟ್ಯಾಂಕಿನ ಮಗ್ಗುಲಲ್ಲಿ ಕೂತು ಅವಳು ಬರೆಯತೊಡಗಿದ್ದು. ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ 'ಚೆಂದದ ಮನೆ' ಎಂಬ ಅಂಕಣ. ಅಡುಗೆಮನೆಗೆ ಯಾವ ಬಣ್ಣ, ಹಳೆಯ ಬಾಗಿಲನ್ನು ಹೇಗೆ ಉಳಿಸಿಕೊಳ್ಳಬೇಕು, ಚಿಕ್ಕ ಪಡಸಾಲೆ ದೊಡ್ಡದಾಗಿ ಕಾಣಲು ಏನು ಮಾಡಬೇಕು. ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ಜನ ಕತ್ತರಿಸಿ ಇಟ್ಟುಕೊಳ್ಳುತ್ತಿದ್ದರು. ಹೊಸ ಮನೆಗಳ ಪ್ರವೇಶಕ್ಕೆ ಕರೆಯುತ್ತಿದ್ದರು, ಊಟಕ್ಕೆ ಕೂರಿಸುವ ಮೊದಲು ಕೋಣೆ ಕೋಣೆ ತೋರಿಸುತ್ತಿದ್ದರು, ಅವಳು "ಗಾಳಿ ಬೆಳಕು ಚೆನ್ನಾಗಿದೆ" ಅಂದರೆ ಅವರ ಮುಖ ಅರಳುತ್ತಿತ್ತು. ತನ್ನ ಕೋಣೆಯ ಗೋಡೆಗೆ ಮಾತ್ರ ಈ ಎಲ್ಲ ವರ್ಷಗಳಲ್ಲಿ ಅವಳು ಒಂದು ಮೊಳೆ ಹೊಡೆದಿರಲಿಲ್ಲ. ಯಾರೂ ಬೇಡ ಅಂದಿರಲಿಲ್ಲ ನಿಜ. ಹೊಡೆಯಲೇ ಅಂತ ಕೇಳಬೇಕಾಗುತ್ತದಲ್ಲ, ಆ ಕೇಳುವುದಕ್ಕೆ ಅವಳ ಬಾಯಿ ಏಳುತ್ತಿರಲಿಲ್ಲ. ಹೇಳೋದು ಪುರಾಣ, ತಿನ್ನೋದು ಬದನೆಕಾಯಿ ಅಂತ ತನ್ನನ್ನು ತಾನೇ ಹಂಗಿಸಿಕೊಂಡು ಸುಮ್ಮನಾಗುತ್ತಿದ್ದಳು. ಒಮ್ಮೆ ಸಂಪಾದಕರು "ನಿಮ್ಮದೇ ಮನೆಯ ಬಗ್ಗೆ ಬರೆಯಿರಿ, ಓದುಗರು ಕೇಳುತ್ತಿದ್ದಾರೆ" ಅಂದಾಗ ಅವಳಿಗೆ ಮೂರು ದಿನ ಜ್ವರ ಬಂದಂತಾಗಿತ್ತು. ಕೊನೆಗೆ ಯಾರದೋ ಮನೆಯ ತುಳಸಿಕಟ್ಟೆ, ಯಾರದೋ ಮನೆಯ ಜೋಕಾಲಿ, ಇನ್ಯಾರದೋ ಮನೆಯ ಸಂಜೆ ಬಿಸಿಲು ಸೇರಿಸಿ ಒಂದು ಮನೆ ಕಟ್ಟಿಕೊಟ್ಟಿದ್ದಳು. ಆ ಲೇಖನಕ್ಕೆ ಬಂದಷ್ಟು ಪತ್ರ ಬೇರೆ ಯಾವುದಕ್ಕೂ ಬಂದಿರಲಿಲ್ಲ.

ಕೋಗಳಿ ದಾಟಿದ ಮೇಲೆ ಕೈಮರದ ಹತ್ತಿರ ಅವಳು ಇಳಿದಾಗ ಓಬಳೇಶ್ ಬೈಕು ನಿಲ್ಲಿಸಿಕೊಂಡು ಕಾಯುತ್ತಿದ್ದ. ಫೋನಿನಲ್ಲಿ ಅವನು ಹೇಳಿದ್ದು ಇಷ್ಟೇ, ಹಳೇ ಮನಿ ಐತ್ರಿ, ಹೊಸಾದು ಮಾಡೋದೈತಿ, ನೀವು ಒಂದ್ಸಲ ಬಂದು ನೋಡ್ರಿ. ಹಳೆಯ ಮಣ್ಣಿನ ಮಾಳಿಗೆಯ ಮನೆ ಅಂದ ಕೂಡಲೇ ಅವಳಿಗೆ ಮುಂದಿನ ಭಾನುವಾರದ ಲೇಖನ ಕಣ್ಣಿಗೆ ಕಟ್ಟಿತ್ತು. ಬೈಕಿನ ಹಿಂದೆ ಕೂತು ಜಾಲಿ ಮುಳ್ಳಿಗೆ ಸೀರೆ ಸಿಕ್ಕದಂತೆ ಹಿಡಿದುಕೊಂಡಿದ್ದಾಗ ಅವನು ಗಾಳಿಗೆ ಕೂಗಿ ಕೂಗಿ ಅಸಲಿ ವಿಷಯ ಹೇಳಿದ. ಅಣ್ಣತಮ್ಮಂದಿರು ಬೇರೆಯಾಗುತ್ತಿದ್ದಾರೆ. ಹೊಲ ಆಯಿತು, ಕುರಿ ಆಯಿತು, ಮನೆ ಮಾತ್ರ ಬಗೆಹರಿಯುತ್ತಿಲ್ಲ. ಅಣ್ಣ ಮೈಲಪ್ಪ ಏರಿಗೆಳೆದರೆ ಇವನು ನೀರಿಗೆಳೆಯುತ್ತಾನೆ. ಊರ ಹಿರಿಯರು ಕೂತು ಎದ್ದು ಹೋದರು. ಗೌಂಡಿಯೊಬ್ಬ ಗೋಡೆಗೆ ಪಾಯ ತೋಡಲು ಬಂದು ಇಬ್ಬರ ಜಗಳ ನೋಡಿ ಗುದ್ದಲಿ ಬಿಟ್ಟು ಓಡಿದ. "ಊರಾಗ ಎಲ್ಲಾರೂ ಅವನ ಕಡ್ಯಾರು, ಇಲ್ಲ ನನ್ನ ಕಡ್ಯಾರು. ನೀವು ಯಾರ ಕಡ್ಯಾರೂ ಅಲ್ಲ ನೋಡ್ರಿ. ಅದಕ್ಕ ಅಣ್ಣನೂ ಒಪ್ಯಾನ. ಅಕ್ಕಾರು ಎಲ್ಲಿ ಗೆರಿ ಹಾಕ್ತಾರ ಅಲ್ಲಿ ಗ್ವಾಡಿ." ಇದು ನನ್ನ ಕೆಲಸವಲ್ಲಪ್ಪ ಎನ್ನಬೇಕು ಅನ್ನಿಸಿತು. ಅನ್ನಲಿಲ್ಲ. ಅನ್ನದಿರಲು ಕಾರಣ ಅವಳಿಗೇ ಗೊತ್ತಿತ್ತು, ಗೊತ್ತಾಗಿ ನಾಚಿಕೆಯೂ ಆಯಿತು. ಬೆಳಿಗ್ಗೆ ಒಂದು ಕಿಟಕಿಯ ಮಾತಿಗೆ ನಕ್ಕವರ ಮನೆಯಿಂದ ಹೊರಟುಬಂದವಳನ್ನು ಇಲ್ಲೊಂದು ಮನೆ ಗೋಡೆ ಎಲ್ಲಿರಲಿ ಎಂದೇ ಕೇಳುತ್ತಿತ್ತು.

ಮನೆ ಅವಳು ಅಂದುಕೊಂಡದ್ದಕ್ಕಿಂತ ಚೆನ್ನಾಗಿತ್ತು. ತಗ್ಗಿನ ಬಾಗಿಲು, ಒಳಗೆ ಎಡಕ್ಕೆ ದನ ಕಟ್ಟುವ ಜಾಗ, ಮೆಟ್ಟಿಲಷ್ಟು ಎತ್ತರದಲ್ಲಿ ಪಡಸಾಲೆ, ಎರಡು ಸಾಲು ಕಂಬ, ಮೇಲೆ ಹೊಗೆಗೆ ಕರ್ರಗಾದ ಜಂತಿಗಳು. ಪಡಸಾಲೆಯ ನಟ್ಟನಡುವೆ ಮಾಳಿಗೆಯಲ್ಲೊಂದು ಬೆಳಕಿಂಡಿ. ಹೊರಗಿನ ಉರಿಬಿಸಿಲು ಅದರಿಂದ ಇಳಿದು ಬರುವಾಗ ತಣ್ಣಗಾಗಿ, ಸಗಣಿ ಸಾರಿಸಿದ ನೆಲದ ಮೇಲೆ ರೊಟ್ಟಿಯ ಹಾಗೆ ದುಂಡಗೆ ಬಿದ್ದಿತ್ತು. ಅದರ ಪಕ್ಕದಲ್ಲಿ ಬೀಸುವ ಕಲ್ಲು, ಮಡಚಿಟ್ಟ ಕೌದಿ, ಒಂದು ತಗಡಿನ ಪೆಟ್ಟಿಗೆ. ಯಾರೋ ನೀರು ತಂದುಕೊಟ್ಟರು. ತಂಬಿಗೆ ಥಳಥಳ ಹೊಳೆಯುತ್ತಿತ್ತು, ಹುಣಸೆಹಣ್ಣು ಹಚ್ಚಿ ಬೆಳಗಿದ್ದಿರಬೇಕು ಅಂದುಕೊಂಡಳು. ಆಮೇಲೆ ನೆನೆದಾಗ ಅವಳಿಗೆ ತಂಬಿಗೆ ನೆನಪಿತ್ತು, ಬೆಳಕಿಂಡಿ ನೆನಪಿತ್ತು, ಜಂತಿಗಳ ನಡುವಿನ ಅಂತರ ಕೂಡ ನೆನಪಿತ್ತು, ನೀರು ಕೊಟ್ಟ ಕೈ ಯಾರದೆಂದು ನೋಡಿದ ನೆನಪು ಮಾತ್ರ ಇರಲಿಲ್ಲ. ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ತಂದಿಟ್ಟದ್ದೂ ಅದೇ ಕೈ.

ಮೈಲಪ್ಪ ಕಂಬಳಿಯ ಮೇಲೆ ಕೂತಿದ್ದವನು ಎದ್ದು ಕೈಮುಗಿದ. ಕುರಿ ಕಾಯ್ದು ಕಾಯ್ದು ದೂರ ನೋಡುವುದೇ ಅಭ್ಯಾಸವಾದ ಕಣ್ಣು, ಹಣೆಯ ತುಂಬ ಹಳದಿ ಭಂಡಾರ. ಅವನು ತಮ್ಮನ ಕಡೆ ನೋಡಲಿಲ್ಲ. ತಮ್ಮನೂ ಅವನ ಕಡೆ ನೋಡದೆ ಕೋಮಲಾಳ ಮುಖ ನೋಡುತ್ತಲೇ ಅಣ್ಣನಿಗೆ ಉತ್ತರ ಕೊಡುತ್ತಿದ್ದ. "ಇವ್ನಿಗೆ ಟೈಲ್ಸ್ ಬೇಕಂತ್ರಿ, ಮನ್ಯಾಗ ಕಕ್ಕಸ ಬೇಕಂತ" ಎಂದ ಮೈಲಪ್ಪ. "ನಾ ಏನು ಸುಳ್ಳು ಹೇಳೀನೇನ್ರಿ, ಮನ್ಯಾಗ ಪ್ರತಿಯೊಬ್ಬರಿಗೂ ತಮ್ದ ಅಂತ ಒಂದು ಮೂಲಿ ಇರಬೇಕು ಅಂತ ನೀವ ಬರದೀರಿ. ನಾ ಕಟಿಂಗ್ ಅಂಗಡ್ಯಾಗ ಓದೀನಿ" ಎಂದ ಓಬಳೇಶ್. ಹೌದು, ಬರೆದಿದ್ದಳು. ಯಾವ ರಾತ್ರಿ, ಯಾವ ಸಂಕಟದಲ್ಲಿ ಬರೆದದ್ದು ಎಂದು ಈ ಹುಡುಗನಿಗೆ ಹೇಗೆ ಹೇಳುವುದು? ಮೈಲಪ್ಪನ ಹೆಂಡತಿ ಮಂಜಮ್ಮ ಒಂದು ಕಂಬಕ್ಕೆ, ಓಬಳೇಶನ ಹೆಂಡತಿ ಎದುರಿನ ಕಂಬಕ್ಕೆ ಒರಗಿ ನಿಂತಿದ್ದರು. ಒಂದೇ ಮನೆಯಲ್ಲಿ ಇದ್ದೂ ವರ್ಷದಿಂದ ಮಾತಿಲ್ಲವಂತೆ. ನಾಲ್ವರೂ ತನ್ನ ಬಾಯನ್ನೇ ನೋಡುತ್ತಿದ್ದುದು ಅವಳಿಗೆ ಹಿತವಾಯಿತು. ಎದ್ದು ಓಡಾಡಿದಳು. ಕಂಬ ತಟ್ಟಿದಳು, ಗೋಡೆಗೆ ಕಿವಿಗೊಟ್ಟಳು, ಗಾಳಿ ಎಲ್ಲಿಂದ ಬಂದು ಎಲ್ಲಿ ಹೋಗುತ್ತದೆ ಅಂತ ಸೆರಗಿನ ತುದಿ ಹಿಡಿದು ನೋಡಿದಳು. ಮಂಚದ ಚಿಂತೆ ಎತ್ತಲೋ ಹೋಗಿತ್ತು. ಮನಸ್ಸು ತನ್ನಷ್ಟಕ್ಕೆ ಲೇಖನದ ಭಾಷೆಯಲ್ಲಿ ಮಾತಾಡತೊಡಗಿತು: ಇಂಥ ಮನೆಯನ್ನು ಭಾಗ ಮಾಡುವಾಗ ಜಾಗವನ್ನಲ್ಲ, ಬೆಳಕನ್ನು ಭಾಗ ಮಾಡಬೇಕು.

"ನೋಡಪ್ಪ," ಎಂದಳು, "ಗೋಡೆ ಎಡಕ್ಕೆ ಹಾಕಿದರೆ ಅಣ್ಣನ ಕಡೆ ಕತ್ತಲೆ, ಬಲಕ್ಕೆ ಹಾಕಿದರೆ ನಿನ್ನ ಕಡೆ ಕತ್ತಲೆ. ಸರಿಯಾಗಿ ಬೆಳಕಿಂಡಿಯ ಕೆಳಗೇ ಹಾದುಹೋದರೆ ಇಬ್ಬರಿಗೂ ಅರ್ಧರ್ಧ ಬೆಳಕು. ಕಂಬಗಳು ಎರಡು ಕಡೆಗೂ ಒಂದೊಂದು ಸಾಲು ಉಳಿಯುತ್ತವೆ." ಆಮೇಲೆ ಮೈಲಪ್ಪ ತಲೆಯೆತ್ತಿ ಬೆಳಕಿಂಡಿ ನೋಡಿದ, ಓಬಳೇಶನೂ ನೋಡಿದ. "ಬೆಳಕೂ ಪಾಲಾತು ನೋಡಲೇ" ಎಂದ ಮೈಲಪ್ಪ, ವರ್ಷದ ನಂತರ ಮೊದಲ ಸಲ ತಮ್ಮನ ಮುಖ ನೋಡಿ. ಕೋಮಲಾಳಿಗೆ ಎದೆ ತುಂಬಿ ಬಂತು. ಇಷ್ಟು ವರ್ಷ ಬರೆದದ್ದರಲ್ಲಿ ಇದೊಂದು ನಿಜವಾಯಿತು ಅಂದುಕೊಂಡಳು. ಅದೇ ಹುಮ್ಮಸ್ಸಿನಲ್ಲಿ "ಒಂದಿಷ್ಟು ರಂಗೋಲಿ ಪುಡಿ, ಸುಣ್ಣ, ಏನಾದರೂ ಕೊಡಿ. ಗುರುತಿಗೆ ಒಂದು ಗೆರೆ ಎಳೆದು ತೋರಿಸುತ್ತೇನೆ" ಅಂದಳು. ಮಂಜಮ್ಮ ದೇವರ ಕೋಣೆಗೆ ಹೋಗಿ ಹಿತ್ತಾಳೆ ತಟ್ಟೆಯಲ್ಲಿ ತಂದದ್ದು ಭಂಡಾರ. ಮೈಲಾರಲಿಂಗನ ಅರಿಶಿನ. ವಿಭೂತಿಯ ಮನೆಯಲ್ಲಿ ಹುಟ್ಟಿದವಳಾದರೂ ಮೈಲಾರದ ಮಗ್ಗುಲಿನ ಹಡಗಲಿಯಲ್ಲಿ ಸಂಸಾರ ಮಾಡಿದವಳಿಗೆ ಅದರ ಗುರುತಿಲ್ಲವೇ? ಕೈ ಒಂದು ಗಳಿಗೆ ಹಿಂಜರಿಯಿತು. ಒಳ್ಳೆಯ ಕೆಲಸ, ದೇವರ ಹೆಸರಿನಲ್ಲಿ ಶುರುವಾಗಲಿ ಅಂತ ತಂದಿದ್ದಾರೆ ಎಂದು ಸಮಾಧಾನ ಹೇಳಿಕೊಂಡಳು. ಅವಳ ಕಸುಬಿನಲ್ಲಿ ಗೆರೆ ಎಂದರೆ ಅಳಿಸಲಿಕ್ಕೆಂದೇ ಎಳೆಯುವುದು. ಹತ್ತು ಸಲ ಎಳೆದು ಹತ್ತು ಸಲ ಒರೆಸಿ ಹನ್ನೊಂದನೆಯದು ಸರಿಹೋಗುತ್ತದೆ. "ಗಾದಿ, ದಾರದ ಆ ತುದಿ ಹಿಡಕೊ" ಎಂದು ಮೈಲಪ್ಪ ದಾರದ ಉಂಡೆ ಬಿಚ್ಚುತ್ತ ಕೂಗಿದ. ನೀರು ಕೊಟ್ಟಿದ್ದ ಹೆಂಗಸು ಬಂದು, ಕೌದಿ ಪೆಟ್ಟಿಗೆಗಳನ್ನು ಅತ್ತ ಸರಿಸಿ, ಹಿಂಗೋಡೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ದಾರವನ್ನು ನೆಲಕ್ಕೆ ಒತ್ತಿ ಹಿಡಿದಳು. ಬಾಗಿಲ ಹೊಸ್ತಿಲಿನಿಂದ ಅವಳ ಬೆರಳಿನವರೆಗೆ ಕೋಮಲಾ ಬಗ್ಗಿ ಬಗ್ಗಿ ಹಳದಿ ಗೆರೆ ಎಳೆದಳು.

ಸೊಂಟ ನೆಟ್ಟಗೆ ಮಾಡುವಷ್ಟರಲ್ಲಿ ಮೈಲಪ್ಪ ಎರಡೂ ಕೈಯೆತ್ತಿ "ಏಳು ಕೋಟಿ ಏಳು ಕೋಟಿ ಏಳು ಕೋಟಿಗೋ" ಎಂದು ಮಾಳಿಗೆ ನಡುಗುವಂತೆ ಮೈಲಾರಲಿಂಗನ ಜಯಕಾರ ಕೂಗಿದ. ಉಳಿದವರೆಲ್ಲ "ಚಾಂಗಮಲೋ" ಅಂದರು. ಒಬ್ಬೊಬ್ಬರಾಗಿ ಬಂದು ಗೆರೆಗೆ ಹಣೆ ಹಚ್ಚಿದರು. ಅಣ್ಣತಮ್ಮಂದಿರು ಎದ್ದವರು ಒಬ್ಬರನ್ನೊಬ್ಬರು ತಬ್ಬಿಕೊಂಡು ಅಳತೊಡಗಿದರು. ಮಂಜಮ್ಮನೂ ಸೆರಗಿನಿಂದ ಮೂಗೊರೆಸಿಕೊಂಡಳು. "ಮುಗೀತ್ರಿ ಅಕ್ಕಾರ. ಭಂಡಾರ ಬಿದ್ದ ಮ್ಯಾಲ ಇನ್ನ ಯಾರೂ ಉಸಿರೆತ್ತಂಗಿಲ್ಲ. ನಮ್ಮಪ್ಪ ಹೊಲಕ್ಕ ಹಿಂಗ ಹಾಕಿದ್ದು, ಇನ್ನೂತನ ಯಾರೂ ಆ ಬದು ಸರಿಸಿಲ್ಲ" ಎಂದ ಮೈಲಪ್ಪ. ಕೋಮಲಾಳಿಗೆ ಆಗ ತಾನೇನು ಮಾಡಿದೆ ಎಂಬುದು ಅರ್ಧ ತಿಳಿಯಿತು. ಗುರುತಿಗೆ ಅಂದಿದ್ದೆನಲ್ಲ ಎಂದು ಹೇಳಲು ಹೋಗಿ, ಇಬ್ಬರ ಕಣ್ಣೀರು ನೋಡಿ ಸುಮ್ಮನಾದಳು. ಗೆರೆ ನೆಟ್ಟಗೆ ಬಿದ್ದಿತ್ತು. ತಪ್ಪೇನಿದೆ? "ಗೋಡೆ ಎಷ್ಟು ದಪ್ಪ ಇಡುತ್ತೀರಿ?" ಅಂತ ಕೇಳಿದಳು, ಏನಾದರೂ ಕೇಳಬೇಕಲ್ಲ ಅಂತ. "ಕಲ್ಲಿಂದ ಕಟ್ಟಸ್ತೀವ್ರಿ, ಒಂದೂವರಿ ಮೊಳ ಇರ್ಲಿ. ಈ ಕಡಿ ಮಾತು ಆ ಕಡಿಗೆ ಕೇಳಬಾರದು" ಎಂದು ನಗುತ್ತ ಕಣ್ಣೊರೆಸಿಕೊಂಡ ಓಬಳೇಶ್. ಆಗಲೇ ಮಂಜಮ್ಮ, ಒಲೆಯ ಮೇಲಿನ ಹಾಲು ನೋಡು ಅನ್ನುವ ದನಿಯಲ್ಲಿ, "ಗಾದಿ, ನಿನ್ನ ಪೆಟಗಿ ಕೌದಿ ಹೊರಗಿಟ್ಟುಬಿಡು. ನಾಳೆ ಗೌಂಡ್ಯಾರು ಬರ್ತಾರ" ಎಂದಳು.

"ಇವರು ಯಾರು?" ಎಂದು ಕೇಳಿದ್ದು ಕೋಮಲಾಳೇ. ಬಂದು ಇಷ್ಟು ಹೊತ್ತಾದ ಮೇಲೆ. "ನಮ್ಮ ಗಾದೆಮ್ಮರಿ. ನನಗ ತಂಗಿ, ಇವ್ನಿಗೆ ಅಕ್ಕ" ಎಂದ ಮೈಲಪ್ಪ. ಕೊಟ್ಟ ಮನೆಯಿಂದ ಎಂದೋ ಬಂದವಳು, ತಾಯಿ ಇರುವತನಕ ತಾಯಿಯ ಮಗ್ಗುಲಲ್ಲಿ, ತಾಯಿ ಹೋದ ಮೇಲೆ ಅದೇ ಜಾಗದಲ್ಲಿ ಮಲಗುತ್ತಾಳಂತೆ. ಬೆಳಕಿಂಡಿಯ ಕೆಳಗೆ, ಬೀಸುವ ಕಲ್ಲಿನ ಪಕ್ಕ. ಕೋಮಲಾ ನೆಲ ನೋಡಿದಳು. ಒಂದೂವರೆ ಮೊಳದ ಗೋಡೆ ಎಂದರೆ ಒಬ್ಬ ಹೆಂಗಸು ಮಗ್ಗುಲಾಗಿ ಮಲಗುವಷ್ಟು ಅಗಲ. ಗೆರೆಯ ಎಡಕ್ಕಿರುವುದೆಲ್ಲ ಮೈಲಪ್ಪನದು, ಬಲಕ್ಕಿರುವುದೆಲ್ಲ ಓಬಳೇಶನದು, ಗಾದೆಮ್ಮನ ಜಾಗ ಮಾತ್ರ ಗೋಡೆಯದು. ಅದನ್ನು ಗೋಡೆಗೆ ಕೊಟ್ಟವಳು ತಾನು. ದಾರ ಹಿಡಿದವಳು ಗಾದೆಮ್ಮನೇ. "ಹಾಗಾದರೆ ಇವರು ಎಲ್ಲಿ ಮಲಗುತ್ತಾರೆ?" ಎಂದಳು. ಬೆಳಿಗ್ಗೆ ಚಹಾದ ಲೋಟ ಹಿಡಿದು ಕೂತಾಗ ಬಾಯಿಗೆ ಬರದಿದ್ದ ಮಾತು ಇಲ್ಲಿ ಎಷ್ಟು ಸಲೀಸಾಗಿ ಬಂತು ಎಂದು ಅವಳಿಗೇ ಆಶ್ಚರ್ಯವಾಯಿತು.

"ಇರ್ತಾಳ್ರಿ ಆಕಿ, ಎಲ್ಲ್ಯರ" ಎಂದ ಮೈಲಪ್ಪ. "ಅಣ್ಣನ ಕಡಿನರ ಇರ್ಲಿ, ನನ್ನ ಕಡಿನರ ಇರ್ಲಿ" ಎಂದ ಓಬಳೇಶ್. ಅವನ ಹೆಂಡತಿ ಕಂಬದಿಂದ ಬೆನ್ನು ತೆಗೆದಳು. "ನಮ್ಮ ಕಡಿ ಕಕ್ಕಸ, ಬಚ್ಚಲ ಬಂದ್ರ ಎಲ್ಲೈತ್ರಿ ಜಾಗ?" ಮಂಜಮ್ಮ ತನ್ನ ಮಕ್ಕಳ ಎಣಿಕೆ ಶುರುಮಾಡಿದಳು. ಈಗಷ್ಟೇ ಒಂದಾದ ಮನೆಯಲ್ಲಿ ಹಳೆಯ ಗಾಳಿ ಮತ್ತೆ ಬೀಸತೊಡಗಿದ್ದು ಎಲ್ಲರಿಗೂ ತಿಳಿಯಿತು. ಮೈಲಪ್ಪ ಅವಸರವಾಗಿ "ಕುರಿಹಟ್ಟಿ ಮಗ್ಗಲಾಗ ತಟ್ಟಿ ಕಟ್ಟಿಕೊಡ್ತೀನಿ ಬಿಡ್ರಿ. ಗಾಳಿ ಬೆಳಕು ಛಲೋ ಬರ್ತತಿ" ಅಂದ. ಕೋಮಲಾಳದೇ ಮಾತು ಅದು, ಯಾವ ಭಾನುವಾರದ್ದೋ. ಅವಳು ಬಡಬಡಿಸಿದಳು. ಗೆರೆ ಸ್ವಲ್ಪ ಸರಿಸೋಣ, ಹಿಂದಿನ ಮೂಲೆಯಲ್ಲಿ ಒಂದು ಸಣ್ಣ ಕೋಣೆ ಬಿಡೋಣ, ಇಬ್ಬರೂ ಒಂದೊಂದು ಮೊಳ ಬಿಟ್ಟುಕೊಟ್ಟರೆ ಸಾಕು. "ಅಕ್ಕಾರ," ಎಂದ ಮೈಲಪ್ಪ, ಮೆಲ್ಲಗೆ, "ಅದು ಭಂಡಾರ." ಅವಳು ಕೇಳಿಸಿಕೊಳ್ಳಲಿಲ್ಲ. ಬಗ್ಗಿದಳು. ಅಂಗೈ ಅಗಲ ಮಾಡಿ ಗೆರೆಯ ಕಡೆ ಚಾಚಿದಳು. ಒರೆಸಿಯೇಬಿಡುತ್ತಿದ್ದಳೋ ಏನೋ. ಗಾದೆಮ್ಮ ಓಡಿಬಂದು ಅವಳ ಮಣಿಕಟ್ಟು ಹಿಡಿದಳು. ಗಟ್ಟಿ ಕೈ. "ಬ್ಯಾಡ್ರಿ ಯವ್ವಾ. ನಿಮ್ಮ ಕಾಲಿಗೆ ಬೀಳ್ತೀನಿ. ನನ್ನ ಸಲುವಾಗಿ ಮನಿಗೆ ಕೇಡು ತರಬ್ಯಾಡ್ರಿ."

ಆಮೇಲೆ ಹೊರಡುವುದಷ್ಟೇ ಉಳಿದಿತ್ತು. ಮಡಿಲಿಗೆ ಕುಬಸದ ಕಣ, ಕೊಬ್ಬರಿ ಬಟ್ಟಲು ಹಾಕಿದರು. ತಗೊಂಡಳು. ಬೇಡ ಅನ್ನುವ ಶಕ್ತಿಯೂ ಇರಲಿಲ್ಲ. ಓಬಳೇಶ್ ಗೌಂಡಿಯನ್ನು ಗೊತ್ತುಮಾಡಲು ಬೈಕು ಹತ್ತಿ ಹೋಗಿದ್ದರಿಂದ ಕೈಮರದ ತನಕ ಗಾದೆಮ್ಮ ಜೊತೆಗೆ ಬಂದಳು. ಮುಂದೆ ಮುಂದೆ ಬಿರಬಿರನೆ ನಡೆಯುವವಳು, ಆಗಾಗ ನಿಂತು ಹಿಂದಿರುಗಿ ನೋಡುವಳು. ಕೋಮಲಾ ಅವಳ ಬೆನ್ನು ನೋಡುತ್ತ ನಡೆದಳು. ಕ್ಷಮಿಸು ಅನ್ನಬೇಕೆಂದರೆ, ಅದು ಲೇಖನದಲ್ಲಿ ಬರುವ ಪದ, ಈ ದಾರಿಯಲ್ಲಿ ಆಡುವ ಮಾತಲ್ಲ. ನಾನೂ ನಿನ್ನ ಹಾಗೇ ಅಂದರೆ, ಕಾಲಿನ ಚಪ್ಪಲಿ, ಹೆಗಲ ಚೀಲ, ಕೈಗಡಿಯಾರ ಎಲ್ಲ ಸೇರಿ ನಗುತ್ತವೆ. ಅವಳಿಗೆ ಅಳು ಬರುತ್ತಿತ್ತು, ಆ ಅಳು ಗಾದೆಮ್ಮನಿಗಾಗಿಯೋ ತನಗಾಗಿಯೋ ಎಂದು ಅನುಮಾನ ಬಂದು ಅದಕ್ಕೂ ಅಸಹ್ಯವಾಯಿತು. ಕೈಮರದ ಬೇವಿನ ನೆರಳಲ್ಲಿ ಇಬ್ಬರೂ ನಿಂತರು. ದೂರದಲ್ಲಿ ಬಸ್ಸಿನ ಧೂಳು ಕಾಣಿಸಿತು.

"ಗೆರಿ ಛಲೋ ಹಾಕಿದ್ರಿ" ಎಂದಳು ಗಾದೆಮ್ಮ. "ಇಲ್ಲಂದ್ರ ಒಂದಿನ ಹೊಡದಾಡಿ ಸಾಯ್ತಿದ್ರು." ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಒಂದು ಮಾತು ಕೇಳ್ತೀನಿ, ತಪ್ಪು ತಿಳಕಬ್ಯಾಡ್ರಿ. ನಿಮ್ಮನ್ಯಾಗ ಕಸ ಮುಸುರಿಗೆ ಯಾರರ ಅದಾರೇನ್ರಿ? ಪಗಾರ ಬ್ಯಾಡ ನನಗ. ಒಂದು ಮೂಲಿ ಇದ್ರ ಸಾಕು. ಬಚ್ಚಲ ಮಗ್ಗಲಾಗ ಆದ್ರೂ ಆತು." ಬಸ್ಸು ಹತ್ತಿರ ಬರುತ್ತಿತ್ತು. ಕೋಮಲಾಳ ಬಾಯಲ್ಲಿ ಹತ್ತು ಮಾತು ಒಟ್ಟಿಗೆ ಬಂದು ಸಿಕ್ಕಿಕೊಂಡವು: ನೋಡೋಣ, ಅಣ್ಣನನ್ನು ಕೇಳುತ್ತೇನೆ, ಫೋನ್ ಮಾಡುತ್ತೇನೆ. ಯಾವುದೂ ನಿಜವಲ್ಲ ಅನ್ನುವುದು ಇಬ್ಬರಿಗೂ ತಿಳಿಯುವಂಥವು. ಅವನ್ನೆಲ್ಲ ಅತ್ತ ದಬ್ಬಿ, ಇಷ್ಟು ವರ್ಷ ಸಂಪಾದಕರಿಗೆ, ಓದುಗರಿಗೆ, ಗೃಹಪ್ರವೇಶದ ಹೆಂಗಸರಿಗೆ ಯಾರಿಗೂ ಹೇಳದಿದ್ದ ಮಾತನ್ನು ಅವಳು ಹೇಳಿದಳು. ತನ್ನ ತಾಯಿಯ ಜೊತೆ ಆಡುತ್ತಿದ್ದ ಮಾತಿನಲ್ಲೇ ಹೇಳಿದಳು. "ನನಗೂ ಮನಿ ಇಲ್ಲ ಗಾದೆಮ್ಮ. ಖರೇ ಹೇಳ್ತೀನಿ. ಅಣ್ಣನ ಮನ್ಯಾಗ ಇದ್ದೀನಿ. ಇವತ್ತು ರಾತ್ರಿ ಎಲ್ಲಿ ಮಲಗ್ತೀನೋ ನನಗ ಗೊತ್ತಿಲ್ಲ."

ಗಾದೆಮ್ಮ ಅವಳನ್ನು ಅಡಿಯಿಂದ ಮುಡಿಯತನಕ ನೋಡಿದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಬಾಗಿಲು ಮುಚ್ಚಿಕೊಂಡದ್ದು ಕಾಣಿಸಿತು, ಅಷ್ಟೇ.

"ಒಲ್ಲೆ ಅಂದ್ರ ಒಲ್ಲೆ ಅನ್ರಿ ಅಕ್ಕಾರ" ಎಂದಳು. "ಅದಕ್ಯಾಕ ಇಂಥಾ ಸುಳ್ಳು ಹೇಳ್ತೀರಿ?"

ಬಸ್ಸು ನಿಂತಿತು. ಕೋಮಲಾ ಹತ್ತಿ, ಕಂಬಿ ಹಿಡಿದು, ಹಿಂದಿನ ಕಿಟಕಿಯಿಂದ ಬಗ್ಗಿ ನೋಡಿದಳು. ಗಾದೆಮ್ಮ ಆಗಲೇ ಬೆನ್ನು ತಿರುಗಿಸಿ, ಪೆಟ್ಟಿಗೆ ಹೊರಗಿಡಲು ಹೊತ್ತಾಯಿತೆಂಬಂತೆ, ಊರಿನ ಕಡೆ ಬಿರಬಿರನೆ ನಡೆಯುತ್ತಿದ್ದಳು.